ಭಾರತ ತಂಡ ಸಿಗದವರು ಕಟ್ಟಿದ ತಂಡಗಳು

ಒಬ್ಬರು ಹೊನ್ನಾಳಿ ಸೀಮೆಯ ಹೈಸ್ಕೂಲುಗಳಲ್ಲಿ ವರ್ಷಾನುಗಟ್ಟಲೆ ಪಿ.ಟಿ. ಮೇಷ್ಟ್ರಾಗಿದ್ದು ಈಗ ನಿವೃತ್ತರು. ಇನ್ನೊಬ್ಬ ಜಗಳೂರು ತಾಲ್ಲೂಕಿನ ಹಳ್ಳಿಯ ತರುಣ. ಲೆಫ್ಟ್ ಕಾರ್ನರ್‌ನಲ್ಲಿ ನಿಂತು ದಾವಣಗೆರೆ ವಿಶ್ವವಿದ್ಯಾಲಯದ ಕಬಡ್ಡಿ ತಂಡದವರೆಗೆ ಏರಿದವನು, ಮೊಣಕಾಲಿನ ಲಿಗಮೆಂಟ್ ಹರಿದು ಆಟ ಬಿಟ್ಟಿದ್ದಾನೆ. ನ್ಯಾಮತಿಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಮೇಷ್ಟ್ರು ಅಂಪೈರ್ ಆಗಿ ಬಂದಿದ್ದರು, ತರುಣ ತನ್ನೂರಿನ ಹುಡುಗರ ಜೊತೆ ಬಂದಿದ್ದ. ಸೆಮಿಫೈನಲ್‌ಗೆ ಇನ್ನೂ ಹೊತ್ತಿತ್ತು. ಅವನು ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಆಗ ಹೊರಗೆ ಬಂತು.

“ಎಲ್ಲರೂ ಕೋಚ್ ಆಗು, ಕೋಚ್ ಆಗು ಅಂತಾರೆ ಸರ್. ರಾಜ್ಯ ತಂಡದ ಜೆರ್ಸಿಯನ್ನೇ ಹಾಕದವನು ನಾನು. ನನ್ನ ಮಾತು ಯಾರು ಕೇಳ್ತಾರೆ? ನಾಳೆ ಒಬ್ಬ ಹುಡುಗ ‘ನೀವು ಎಲ್ಲಿವರೆಗೆ ಆಡಿದ್ದೀರಿ’ ಅಂತ ಕೇಳಿದರೆ ಏನು ಹೇಳಲಿ?”

“ಎಲ್ಲಿವರೆಗೆ ಆಡಿದೆಯೋ ಅಲ್ಲಿವರೆಗೆ ಅಂತ ಹೇಳು. ಅಮೋಲ್ ಮುಜುಂದಾರ್ ಹೆಸರು ಕೇಳಿದ್ದೀಯಲ್ಲ?”

“ಮಹಿಳಾ ತಂಡದ ಕೋಚು. ಹೋದ ವಿಶ್ವಕಪ್ ಗೆದ್ದರಲ್ಲ.”

“ಅವರೇ. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ನಿಂದ ಸೋಲಿಸಿದರು. ಆ ಮನುಷ್ಯ ಭಾರತಕ್ಕಾಗಿ ಎಷ್ಟು ಪಂದ್ಯ ಆಡಿದ್ದಾರೆ ಗೊತ್ತಾ? ಒಂದೂ ಇಲ್ಲ.”

ತರುಣನಿಗೆ ಅದು ಗೊತ್ತಿರಲಿಲ್ಲ. ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಂಬೈ ಪರ ಮೊದಲ ರಣಜಿ ಪಂದ್ಯದಲ್ಲೇ 260 ರನ್ ಹೊಡೆದ ಬ್ಯಾಟ್ಸ್‌ಮನ್ ಈ ಮುಜುಂದಾರ್. 171 ಪ್ರಥಮ ದರ್ಜೆ ಪಂದ್ಯ, 11,167 ರನ್, 30 ಶತಕ. ಇಷ್ಟಿದ್ದೂ ಕರೆ ಬರಲಿಲ್ಲ, ಏಕೆಂದರೆ ಅದು ಸಚಿನ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಇದ್ದ ಕಾಲ. ಹುಡುಗನಾಗಿದ್ದಾಗಲೂ ಹಾಗೇ ಆಗಿತ್ತು. 1988ರಲ್ಲಿ ಸಚಿನ್ ಮತ್ತು ವಿನೋದ್ ಕಾಂಬ್ಳಿ ಶಾರದಾಶ್ರಮ ಶಾಲೆಯ ಪರ 664 ರನ್ ಜೊತೆಯಾಟ ಆಡುವಾಗ, ಅದೇ ತಂಡದಲ್ಲಿ ಪ್ಯಾಡ್ ಕಟ್ಟಿಕೊಂಡು ತನ್ನ ಸರದಿಗೆ ಕಾದವರು ಇವರು. ಸರದಿ ಬರಲೇ ಇಲ್ಲ.

“ಇದನ್ನು ಯಾಕೆ ಹೇಳಿದೆ ಅಂದರೆ, 2023ರ ಅಕ್ಟೋಬರ್‌ನಲ್ಲಿ ಅವರನ್ನು ಕೋಚ್ ಮಾಡಿದಾಗ ಕೆಲವರು ನಿನ್ನದೇ ಪ್ರಶ್ನೆ ಕೇಳಿದ್ದರು. ಆ ವಿಶ್ವಕಪ್‌ನ ಲೀಗ್ ಹಂತದಲ್ಲಿ ನಮ್ಮವರು ಸಾಲಾಗಿ ಮೂರು ಪಂದ್ಯ ಸೋತರು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್. ಅಂಥ ಹೊತ್ತಲ್ಲಿ ತಂಡ ಒಡೆಯದ ಹಾಗೆ ಹಿಡಿದುಕೊಳ್ಳೋದು ಬರೀ ಬ್ಯಾಟಿಂಗ್ ಗೊತ್ತಿದ್ದರೆ ಬರೋ ವಿದ್ಯೆ ಅಲ್ಲ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339ರ ಗುರಿಯನ್ನು ಬೆನ್ನಟ್ಟಿ ಗೆದ್ದರಲ್ಲ, ಕಾದು ಕೂತ ಅನುಭವ ಇರೋ ಮನುಷ್ಯ ಹಿಂದೆ ನಿಂತಿದ್ದ ತಂಡ ಅದು.”

“ಅದು ಮುಂಬೈ ಸರ್. ಅಲ್ಲಿ ರಣಜಿ ಆಡೋದೇ ದೊಡ್ಡ ಮಾತು.”

“ಹಾಗಾದರೆ ಬೆಂಗಳೂರಿಗೆ ಬಾ.”

ಮೇಷ್ಟ್ರು ಮುಂದೆ ಹೇಳಿದ ಹೆಸರು ಜೆ. ಅರುಣ್‌ಕುಮಾರ್ ಅವರದು. ತೊಂಬತ್ತರ ದಶಕದಲ್ಲಿ ರಣಜಿ ಗೆದ್ದ ಕರ್ನಾಟಕ ತಂಡಗಳ ಆರಂಭಿಕ ಬ್ಯಾಟ್ಸ್‌ಮನ್. 109 ಪ್ರಥಮ ದರ್ಜೆ ಪಂದ್ಯಗಳಲ್ಲಿ 7,208 ರನ್ ಗಳಿಸಿದರೂ ಭಾರತದ ಕ್ಯಾಪ್ ಸಿಗಲಿಲ್ಲ. 2008ರ ಮೊದಲ ಐಪಿಎಲ್‌ನಲ್ಲಿ ಬೆಂಗಳೂರು ತಂಡದಲ್ಲಿ ಕಾಣಿಸಿಕೊಂಡರು, ಅಷ್ಟೇ. ಆಟಗಾರನಾಗಿ ಅವರ ಕತೆ ಅಲ್ಲಿಗೆ ಮುಗಿಯಿತು. ಕೋಚ್ ಆಗಿ ಮತ್ತೆ ಶುರುವಾದ ಕತೆಯಲ್ಲಿ ದಾವಣಗೆರೆ ಜಿಲ್ಲೆಗೆ ನೇರ ಪಾಲಿದೆ.

1998–99ರ ನಂತರ ಕರ್ನಾಟಕ ರಣಜಿ ಗೆದ್ದಿರಲಿಲ್ಲ. ಹದಿನೈದು ವರ್ಷದ ಬರ. ಅರುಣ್‌ಕುಮಾರ್ ಕೋಚ್, ಮನ್ಸೂರ್ ಅಲಿ ಖಾನ್ ಬೌಲಿಂಗ್ ಕೋಚ್, ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕ. ಈ ಮೂವರ ಕೈಯಲ್ಲಿ 2013–14ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಬಂದವು. ಮರುವರ್ಷ ಮತ್ತೆ ಮೂರೂ ಬಂದವು.

“ಎರಡನೇ ವರ್ಷದ ಫೈನಲ್ ನೆನಪಿದೆಯಾ? ವಾಂಖೆಡೆಯಲ್ಲಿ, ತಮಿಳುನಾಡಿನ ಮೇಲೆ.”

“ಕರುಣ್ ನಾಯರ್ 328 ಹೊಡೆದ ಮ್ಯಾಚು!”

“ಅದು ಎಲ್ಲರಿಗೂ ನೆನಪಿರುತ್ತೆ. ಅದರ ಹಿಂದಿನದನ್ನು ಕೇಳು. ವಿನಯ್ 34 ರನ್‌ಗೆ ಐದು ವಿಕೆಟ್ ಕಿತ್ತು ಅವರನ್ನು 134ಕ್ಕೆ ಕಟ್ಟಿಹಾಕಿದ. ನಮ್ಮವರು ಆಡೋಕೆ ಇಳಿದರೆ 84ಕ್ಕೆ ಐದು ಹೋಯ್ತು. ಆಮೇಲೆ ಕರುಣ್ ಮತ್ತು ರಾಹುಲ್ 386 ರನ್ ಜೊತೆಯಾಟ ಆಡಿದರು. ರಾಹುಲ್ 188. ಕೊನೆಗೆ ಬಂದ ನಾಯಕ ತಾನೂ 105 ಹೊಡೆದು ಔಟಾಗದೆ ಉಳಿದ. ಮೊತ್ತ 762. ಇನಿಂಗ್ಸ್ ಮತ್ತು 217 ರನ್ ಗೆಲುವು. 84ಕ್ಕೆ ಐದು ಅಂತ ಇದ್ದಾಗ ಡ್ರೆಸಿಂಗ್ ರೂಮಿನಲ್ಲಿ ಕೂತ ಕೋಚ್ ಮುಖ ಹೇಗಿರುತ್ತೋ, ಬ್ಯಾಟ್ ಹಿಡಿದು ಕಾಯ್ತಾ ಇರೋ ಹುಡುಗನ ಮುಖವೂ ಹಾಗೇ ಆಗುತ್ತೆ. ಇಷ್ಟು ವರ್ಷ ಶಾಲೆ ತಂಡಗಳ ಜೊತೆ ತಿರುಗಿ ನಾನು ಕಲಿತ ದೊಡ್ಡ ವಿಷಯ ಅಂದರೆ ಇದೇ. ಲೈನ್ ಹೊರಗಿರೋನ ಮುಖವನ್ನು ಒಳಗಿರೋನು ನೋಡ್ತಾನೇ ಇರ್ತಾನೆ.”

ಇಡೀ ದಾವಣಗೆರೆ ಜಿಲ್ಲೆಗೆ ವಿನಯ್ ಕುಮಾರ್ ಹೆಮ್ಮೆ. ಭಾರತದ ಪರ ಒಂದು ಟೆಸ್ಟ್, 31 ಏಕದಿನ, ಒಂಬತ್ತು ಟಿ20 ಆಡಿ, ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಪಡೆದು 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದರು. ಅದೇ ವರ್ಷ ಮುಂಬೈ ಇಂಡಿಯನ್ಸ್ ಅವರನ್ನು ಪ್ರತಿಭಾನ್ವೇಷಣೆಯ ಬಳಗಕ್ಕೆ ಸೇರಿಸಿಕೊಂಡಿತು. ಅಂದರೆ ಊರೂರು ಸುತ್ತಿ, ಯಾವ ಮೂಲೆಯಲ್ಲಿ ಯಾವ ಹುಡುಗ ಬೌಲ್ ಮಾಡುತ್ತಿದ್ದಾನೆ ಎಂದು ನೋಡುವ ಕೆಲಸ. ಮುಂದೆ ಅದೇ ಸಂಸ್ಥೆಯ ಯುಎಇ ತಂಡಕ್ಕೆ ಬೌಲಿಂಗ್ ಕೋಚ್ ಆದರು. ದಾವಣಗೆರೆಯ ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಎಷ್ಟು ಒಳ್ಳೆಯ ತೋಳುಗಳು ಯಾರ ಕಣ್ಣಿಗೂ ಬೀಳದೆ ಹೋಗಿವೆ ಎನ್ನುವುದನ್ನು ಬಲ್ಲವರಿಗೆ ಈ ಕೆಲಸದ ಬೆಲೆ ಗೊತ್ತು.

ಅರುಣ್‌ಕುಮಾರ್ ಇನ್ನೂ ದೂರ ಹೋದರು. ಪಂಜಾಬ್ ಐಪಿಎಲ್ ತಂಡದ ಬ್ಯಾಟಿಂಗ್ ಕೋಚ್, ಪುದುಚೇರಿಯ ಕೋಚ್, ಆಮೇಲೆ 2020ರ ಏಪ್ರಿಲ್‌ನಲ್ಲಿ ಅಮೆರಿಕ ರಾಷ್ಟ್ರೀಯ ತಂಡದ ಮುಖ್ಯ ಕೋಚ್. ವಿನಯ್ ಕೂಡ ಆಟದ ಕೊನೆಯ ದಿನಗಳನ್ನು ಕಳೆದದ್ದು ಅದೇ ಪುದುಚೇರಿಯಲ್ಲಿ. ಅರುಣ್‌ಕುಮಾರ್ ಅಮೆರಿಕಕ್ಕೆ ಹೋದ ಮರುವರ್ಷವೇ, 2021ರಲ್ಲಿ, ಅಲ್ಲಿ ಮೈನರ್ ಲೀಗ್ ಕ್ರಿಕೆಟ್ ಆರಂಭವಾಯಿತು. ವಾರವಿಡೀ ಆಫೀಸಿನಲ್ಲಿ ದುಡಿದು ಶನಿವಾರ, ಭಾನುವಾರ ಬ್ಯಾಟ್ ಹಿಡಿಯುವವರೇ ಹೆಚ್ಚಿದ್ದ ದೇಶ ಅದು. ಆ ವರ್ಷದ ಡಿಸೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಅಮೆರಿಕ ತಂಡ ಟಿ20 ಪಂದ್ಯದಲ್ಲಿ ಐರ್ಲೆಂಡನ್ನು ಸೋಲಿಸಿತು. 2024ರ ಟಿ20 ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನೇ ಸೋಲಿಸಿದಾಗ ಅರುಣ್‌ಕುಮಾರ್ ಅಲ್ಲಿರಲಿಲ್ಲ. ಆದರೆ ಆ ಪಂದ್ಯದಲ್ಲಿ ಮೂರು ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ನಾಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದ ಹುಡುಗ.

ತರುಣನ ಅಕ್ಕ ಕೆನಡಾದಲ್ಲಿದ್ದಾಳೆ. ಮೈನರ್ ಲೀಗ್ ಎಂದ ಕೂಡಲೇ ಅವನಿಗೆ ಅಲ್ಲಿಯ ಮಾತು ನೆನಪಾಯಿತು.

“ಅಲ್ಲಿ ಐಸ್ ಹಾಕಿ ಅಂದರೆ ಹುಚ್ಚು ಸರ್. ಅಕ್ಕನ ಮಗ ಅದನ್ನೇ ಆಡೋದು. ಎನ್‌ಎಚ್‌ಎಲ್ ಅಂತ ದೊಡ್ಡ ಲೀಗು, ಅದರ ಕೆಳಗೆ ಸಣ್ಣ ಲೀಗುಗಳು. ಜೀವನ ಪೂರ್ತಿ ಸಣ್ಣ ಲೀಗಲ್ಲೇ ಬಸ್ಸಲ್ಲಿ ಊರೂರು ಸುತ್ತಿಕೊಂಡು ಆಡೋರು ತುಂಬಾ ಜನ ಅಂತೆ.”

“ಡಾನ್ ಚೆರಿ ಅಂತ ಒಬ್ಬರಿದ್ದಾರೆ, ಓದಿದ್ದೀನಿ. ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಂದೇ ಒಂದು ಪಂದ್ಯ, 1955ರಲ್ಲಿ ಬಾಸ್ಟನ್ ಪರ. ಉಳಿದ ಆಟವೆಲ್ಲ ಸ್ಪ್ರಿಂಗ್‌ಫೀಲ್ಡ್, ರಾಚೆಸ್ಟರ್ ಅಂತ ಕೆಳಗಿನ ಲೀಗಿನ ತಂಡಗಳಲ್ಲಿ. ಆಟ ನಿಂತ ಮೇಲೆ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಅಲ್ಲಿಂದ ವಾಪಸ್ಸು ಬಂದು, ತಾನು ಆಡಿದ ರಾಚೆಸ್ಟರ್ ತಂಡಕ್ಕೇ ಕೋಚೂ ಆದರು, ಮ್ಯಾನೇಜರೂ ಆದರು. 1974ರಲ್ಲಿ ಬಾಸ್ಟನ್‌ನವರು ಕರೆದು ದೊಡ್ಡ ತಂಡವನ್ನೇ ಕೈಗೆ ಕೊಟ್ಟರು. ಎರಡು ವರ್ಷಕ್ಕೆ ಲೀಗಿನ ಅತ್ಯುತ್ತಮ ಕೋಚ್ ಪ್ರಶಸ್ತಿ. ಒಂದು ಪಂದ್ಯ ಆಡಿದವನಿಗೆ!”

“ಕಟ್ಟಡ ಕೆಲಸಕ್ಕಾ?”

“ಹೌದು. ನಮ್ಮ ಚನ್ನಗಿರಿ ಹುಡುಗರು ಕೊನೆ ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯೋಕೆ ಹೋಗಲ್ವಾ? ಆ ತಿಂಗಳುಗಳಲ್ಲಿ ಪ್ರಾಕ್ಟೀಸಿಗೆ ನಾಲ್ಕು ಜನ ಬಂದರೆ ಹೆಚ್ಚು. ಆಟಗಾರನ ಹೊಟ್ಟೆಪಾಡು ಎಲ್ಲ ಕಡೆ ಒಂದೇ.”

ಇಲ್ಲಿಯವರೆಗೆ ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದ ತರುಣ ಈಗ ಎದುರು ನಿಂತ. ಅವನ ಆಕ್ಷೇಪಣೆ ತಳ್ಳಿಹಾಕುವಂಥದ್ದಲ್ಲ.

“ನೀವು ಗೆದ್ದವರ ಲೆಕ್ಕ ಹೇಳ್ತಿದ್ದೀರಿ. ದೊಡ್ಡ ಆಟಗಾರರೂ ದೊಡ್ಡ ಕೋಚ್ ಆಗಿದ್ದಾರಲ್ಲ? ದ್ರಾವಿಡ್ ಇದ್ದಾರೆ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್, 2024ರಲ್ಲಿ ಟಿ20 ವಿಶ್ವಕಪ್. ಕಬಡ್ಡಿಲಿ ನಮ್ಮ ಬಿ.ಸಿ. ರಮೇಶ್ ಇದ್ದಾರೆ. 2001ರ ಅರ್ಜುನ ಪ್ರಶಸ್ತಿ, 2002ರ ಬುಸಾನ್ ಏಷ್ಯನ್ ಗೇಮ್ಸ್ ಚಿನ್ನ. ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಪ್ರೊ ಕಬಡ್ಡಿ ಕಪ್, 2024ರ ಮಾರ್ಚಲ್ಲಿ ಪುಣೇರಿ ಪಲ್ಟನ್‌ಗೆ ಕಪ್. ಈಗ ಬೆಂಗಳೂರು ಬುಲ್ಸ್ ಕೋಚು. ಅಂಥವರ ಮುಂದೆ ನಾನು ಯಾವ ಲೆಕ್ಕ?”

“ಅವರೂ ಒಳ್ಳೆಯವರೇ. ದೊಡ್ಡ ಆಟಗಾರ ಕೋಚ್ ಆಗಬಾರದು ಅಂತ ನಾನು ಹೇಳಲಿಲ್ಲ. ಮೇಲಿನ ಆಟ ಗೊತ್ತಿದ್ದವನಿಗೆ ಅದರ ಲಾಭ ಇದ್ದೇ ಇರುತ್ತೆ. ಆದರೆ ರಮೇಶ್ ಜಗಳೂರಿಗೆ ಬಂದು ಹದಿಮೂರು ವರ್ಷದ ಹುಡುಗನಿಗೆ ಬೆಳಿಗ್ಗೆ ಐದೂವರೆಗೆ ಆ್ಯಂಕಲ್ ಹೋಲ್ಡ್ ಕಲಿಸೋಕಾಗುತ್ತಾ? ಆ ಹುಡುಗ ಅವರ ಕಣ್ಣಿಗೆ ಬೀಳಬೇಕಾದರೆ ಮಧ್ಯೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ನಾಲ್ಕು ಮೆಟ್ಟಿಲು ಹತ್ತಬೇಕು. ಒಂದೊಂದು ಮೆಟ್ಟಿಲಲ್ಲೂ ಒಬ್ಬ ಮನುಷ್ಯ ಬೇಕು. ನೀನು ಯಾವ ಮೆಟ್ಟಿಲಲ್ಲಿ ಜಾರಿದೆಯೋ ಆ ಮೆಟ್ಟಿಲು ನಿನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.”

ಸಚಿನ್‌ಗೆ ಕಲಿಸಿದ ರಮಾಕಾಂತ್ ಆಚ್ರೇಕರ್ ಕೂಡ ಆಡಿದ್ದು ಒಂದೇ ಪ್ರಥಮ ದರ್ಜೆ ಪಂದ್ಯ, ಸ್ಟೇಟ್ ಬ್ಯಾಂಕ್ ತಂಡದ ಪರ. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಈ ಪಟ್ಟಿಯನ್ನು ಹೀಗೇ ಬೆಳೆಸಬಹುದು. ಆದರೆ ಮೇಷ್ಟ್ರ ಮನಸ್ಸಿನಲ್ಲಿದ್ದದ್ದು ದೊಡ್ಡ ಹೆಸರುಗಳ ಪಟ್ಟಿಯಲ್ಲ, ಕಲಿಕೆ. ಸಹಜವಾಗಿ ಆಡಿದವನು ತಾನು ಹೇಗೆ ಆಡಿದೆ ಎಂದು ಎಷ್ಟೋ ಸಲ ಹೇಳಲಾರ. ಕಷ್ಟಪಟ್ಟು ಕಲಿತವನ ಹತ್ತಿರ ಆ ಕಲಿಕೆಯ ಒಂದೊಂದು ಹಂತವೂ ಇರುತ್ತದೆ.

“ಲೆಫ್ಟ್ ಕಾರ್ನರ್ ಅಂದೆಯಲ್ಲ, ಬೋನಸ್‌ಗೆ ಕಾಲು ಹಾಕೋ ರೈಡರ್‌ನ ಪಾದ ಹಿಡಿಯೋದು ನಿನಗೆ ಮೊದಲ ದಿನವೇ ಬಂತಾ?”

“ಎಲ್ಲಿಂದ ಸರ್! ಎರಡು ವರ್ಷ ಬೇಕಾಯ್ತು. ಮೊದಮೊದಲು ಪಾದದ ಮೇಲೆ ಬೀಳ್ತಿದ್ದೆ, ಅವನು ಎಳ್ಕೊಂಡು ಹೋಗಿಬಿಡ್ತಿದ್ದ. ರೈಡರ್‌ನ ಮುಖ ನೋಡ್ತಿದ್ದೆ, ಅದೇ ತಪ್ಪು. ಅವನ ಕಣ್ಣು ಒಂದು ಕಡೆ ಇರುತ್ತೆ, ಕಾಲು ಇನ್ನೊಂದು ಕಡೆ ಬರುತ್ತೆ. ಆಮೇಲೆ ಸೊಂಟ ನೋಡೋದು ಕಲಿತೆ. ಸೊಂಟ ತಿರುಗದೆ ಕಾಲು ಬರಲ್ಲ. ಎರಡೂ ಕೈ ಒಟ್ಟಿಗೆ ಹಾಕಿ, ಪಾದ ನೆಲದಿಂದ ಎತ್ತಿಬಿಡಬೇಕು, ಅಷ್ಟರಲ್ಲಿ ಪಕ್ಕದ ಇನ್ ಮತ್ತು ಕವರ್ ಬಂದು ಮುಚ್ಚಬೇಕು. ಅವರು ಅರ್ಧ ಸೆಕೆಂಡ್ ತಡ ಮಾಡಿದರೂ ನಾನು ಔಟ್.”

“ಇದನ್ನು ಈಗ ನನಗೆ ಹೇಳಿದ ಹಾಗೇ ಒಬ್ಬ ಹುಡುಗನಿಗೆ ಹೇಳಿದರೆ ಅವನ ಎರಡು ವರ್ಷ ಆರು ತಿಂಗಳಿಗೆ ಇಳಿಯುತ್ತೆ.”

ತರುಣ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಟ ಬಿಟ್ಟವನು ಕಲಿಸಲು ನಿಲ್ಲುವುದು ಗರಡಿ ಮನೆಗಳಲ್ಲಿ ಹಳೆಯ ಪದ್ಧತಿ. ದಾವಣಗೆರೆ ಸೀಮೆಯ ಕುಸ್ತಿಯಲ್ಲಿ, ಅಖಾಡದಿಂದ ಇಳಿದ ಪೈಲ್ವಾನ ಉಸ್ತಾದನಾಗಿ ಮಟ್ಟಿಯ ಪಕ್ಕ ನಿಲ್ಲುತ್ತಿದ್ದ. ಎಷ್ಟು ಗದೆ ಗೆದ್ದ ಎನ್ನುವುದಕ್ಕಿಂತ ಎಷ್ಟು ಹುಡುಗರನ್ನು ತಯಾರು ಮಾಡಿದ ಎನ್ನುವುದರಿಂದ ಅವನ ಹೆಸರು ಉಳಿಯುತ್ತಿತ್ತು. ದುರ್ಗಾಂಬಿಕಾ ದೇವಿಯ ಜಾತ್ರೆಯ ಬಯಲು ಕುಸ್ತಿಯಲ್ಲಿ ಇವತ್ತಿಗೂ ಸೋತ ಹುಡುಗನನ್ನು ಮೊದಲು ಮಾತಾಡಿಸುವುದು ಉಸ್ತಾದನೇ. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳಲ್ಲಿ ಈ ಸ್ಥಾನ ಇನ್ನೂ ಗಟ್ಟಿಯಾಗಿಲ್ಲ. ಆಟ ಬಿಟ್ಟ ಹುಡುಗ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೋ ಡೆಲಿವರಿಗೋ ಸೇರಿದರೆ, ಅವನು ಹತ್ತು ವರ್ಷ ಕಲಿತದ್ದು ಅವನ ಜೊತೆಯೇ ಊರು ಬಿಡುತ್ತದೆ. ಜಗಳೂರಿನಂಥ ಒಣಭೂಮಿಯ ತಾಲ್ಲೂಕಿನಲ್ಲಿ ಈ ನಷ್ಟ ದೊಡ್ಡದು, ಏಕೆಂದರೆ ಅಲ್ಲಿ ಆಟದ ಮೈದಾನಕ್ಕಿಂತ ಆಟ ಬಲ್ಲವನು ಅಪರೂಪ.

“ಹಾಗಂತ ಆಡಿದವರೆಲ್ಲ ಕೋಚ್ ಆಗಬಾರದು,” ಎಂದರು ಮೇಷ್ಟ್ರು. ಅವರ ದನಿ ಗಟ್ಟಿಯಾಯಿತು. “ಇದನ್ನು ಸರಿಯಾಗಿ ಕೇಳಿಸ್ಕೋ. ತೂಕದ ಪಂದ್ಯಾವಳಿಗೆ ಹುಡುಗರನ್ನು ಕರ್ಕೊಂಡು ಬರ್ತಾರಲ್ಲ, ಐವತ್ತೈದು ಕೆ.ಜಿ., ಅರವತ್ತು ಕೆ.ಜಿ. ಅಂತ. ತೂಕದ ಮೆಷಿನ್ ಹತ್ತಿರ ನಿಂತು ನೋಡಿದ್ದೀಯಾ?”

“ನಾನೇ ಹತ್ತಿದ್ದೀನಲ್ಲ ಸರ್. ಹಿಂದಿನ ದಿನದಿಂದ ಊಟ ಇಲ್ಲ, ನೀರಿಲ್ಲ. ಮೂರು ಶರ್ಟ್ ಮೇಲೆ ಜರ್ಕಿನ್ ಹಾಕ್ಕೊಂಡು ಓಡಿಸೋರು. ಮೆಷಿನ್ ಮೇಲೆ ನಿಂತಾಗ ಮುನ್ನೂರು ಗ್ರಾಂ ಜಾಸ್ತಿ ಬಂದರೆ ಮತ್ತೆ ಓಡು.”

“ಆಮೇಲೆ?”

“ಆಮೇಲೆ ಎರಡು ಬಾಳೆಹಣ್ಣು, ಒಂದು ಗ್ಲುಕೋಸ್ ಪ್ಯಾಕೆಟ್. ಅರ್ಧ ಗಂಟೆಗೆ ಮ್ಯಾಚು. ಕಾಲು ನಡುಗ್ತಿದ್ದವು.”

“ಬೆಳೆಯೋ ದೇಹಕ್ಕೆ ನೀರು ನಿಲ್ಲಿಸಿ ಆಡಿಸೋದು ಕೋಚಿಂಗ್ ಅಲ್ಲ, ಅಪರಾಧ. ಹಾಗೆ ಮಾಡಿದವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಮಾಡಿದ್ದರು. ತಮಗೆ ಆದದ್ದನ್ನೇ ಮುಂದಿನವರಿಗೆ ಮಾಡ್ತಾ ಹೋದರು. ಆಡಿದ ಅನುಭವ ಒಂದೇ ಸಾಲದು ಅನ್ನೋದು ಇದಕ್ಕೇ. ನಿನ್ನ ಮೊಣಕಾಲು ಹರಿದಿದ್ದು ಹೇಗೆ?”

“ಮಣ್ಣಿನ ಕೋರ್ಟಲ್ಲಿ ಆಡ್ತಿದ್ದವನು ಮೊದಲ ಸಲ ಮ್ಯಾಟ್ ಮೇಲೆ ಇಳಿದಿದ್ದೆ. ಮಣ್ಣಲ್ಲಿ ಕಾಲು ಜಾರುತ್ತೆ, ಮ್ಯಾಟಲ್ಲಿ ಶೂ ಕಚ್ಕೊಂಡು ನಿಲ್ಲುತ್ತೆ. ಮೈ ತಿರುಗ್ತು, ಕಾಲು ತಿರುಗಲಿಲ್ಲ.”

“ಮ್ಯಾಟಿಗೆ ಇಳಿಯೋ ಮೊದಲು ಎಷ್ಟು ವಾರ ತಯಾರಿ ಬೇಕು, ತೊಡೆಯ ಹಿಂದಿನ ಸ್ನಾಯುಗೆ ಏನು ವ್ಯಾಯಾಮ, ಬಿದ್ದ ಹುಡುಗನನ್ನು ಎತ್ತಬೇಕಾ, ಹಾಗೇ ಮಲಗಿಸಬೇಕಾ, ಇದನ್ನೆಲ್ಲ ಓದಿ ಕಲಿಬೇಕಪ್ಪ. ಪಟಿಯಾಲದಲ್ಲಿ 1961ರಿಂದ ಎನ್‌ಐಎಸ್ ಇದೆ, ಕೋಚ್‌ಗಳನ್ನು ತಯಾರು ಮಾಡೋ ರಾಷ್ಟ್ರೀಯ ಕ್ರೀಡಾ ಸಂಸ್ಥೆ. ಒಂದು ವರ್ಷದ ಡಿಪ್ಲೊಮಾ ಇದೆ. ಅಷ್ಟು ದಿನ ಆಗಲ್ಲ ಅಂದರೆ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಬೆಂಗಳೂರಲ್ಲೇ ಸಾಯ್ ಕೇಂದ್ರ ಇದೆ, ಅಲ್ಲಿ ಹೋಗಿ ವಿಚಾರಿಸು.”

ಇಷ್ಟರಲ್ಲಿ ಮೈಕಿನಲ್ಲಿ ಎರಡೂ ತಂಡಗಳ ಮ್ಯಾನೇಜರ್‌ಗಳನ್ನು ಕರೆದರು. ತರುಣ ಎದ್ದು ಹೋಗಿ ಹತ್ತು ನಿಮಿಷದ ಮೇಲೆ ಮರಳಿದ. ಕೈಯಲ್ಲಿ ದಾರ ಕಟ್ಟಿದ ಫೈಲ್ ಇತ್ತು: ಹನ್ನೆರಡು ಹುಡುಗರ ಆಧಾರ್ ಪ್ರತಿ, ವ್ಯಾಸಂಗ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ಎದುರು ತಂಡದವರು ಒಬ್ಬನ ವಯಸ್ಸಿನ ಬಗ್ಗೆ ತಕರಾರು ತೆಗೆದಿದ್ದರಂತೆ. ಮೂಲ ದಾಖಲೆ ತೋರಿಸಿದ ಮೇಲೆ ಸುಮ್ಮನಾದರು.

“ಕೋಚೂ ನೀನೇ, ಮ್ಯಾನೇಜರೂ ನೀನೇನಾ?”

“ಇನ್ಯಾರಿದ್ದಾರೆ ಸರ್. ಕ್ರೂಸರ್ ಬಾಡಿಗೆ ಮಾತಾಡೋದು, ಎಂಟ್ರಿ ಫೀ ಕಟ್ಟೋದು, ಊಟ, ಬ್ಯಾಂಡೇಜು, ಅಪ್ಪಂದಿರಿಗೆ ಫೋನು. ರಾತ್ರಿ ಎಷ್ಟೊತ್ತಾದರೂ ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಬಿಟ್ಟೇ ಹೋಗ್ತೀನಿ.”

“1983ರ ವಿಶ್ವಕಪ್‌ಗೆ ಹೋದ ನಮ್ಮ ಕ್ರಿಕೆಟ್ ತಂಡಕ್ಕೆ ಕೋಚೇ ಇರಲಿಲ್ಲ, ಗೊತ್ತಾ? ಹದಿನಾಲ್ಕು ಆಟಗಾರರು, ಅವರ ಜೊತೆ ಒಬ್ಬ ಮ್ಯಾನೇಜರು, ಹೈದರಾಬಾದಿನ ಪಿ.ಆರ್. ಮಾನ್ ಸಿಂಗ್. ಅವರು ಆಡಿದ್ದು ಕೆಲವೇ ಕೆಲವು ಪ್ರಥಮ ದರ್ಜೆ ಪಂದ್ಯ. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಾಗ ಮ್ಯಾನೇಜರ್ ನಮ್ಮ ಪ್ರಸನ್ನ. ಒಬ್ಬರು ಮಹಾನ್ ಸ್ಪಿನ್ನರ್, ಇನ್ನೊಬ್ಬರ ಆಟ ಯಾರಿಗೂ ನೆನಪಿಲ್ಲ. ಇಬ್ಬರ ತಂಡವೂ ಕಪ್ ತಂತು. ಹೊಟ್ಟೆ ತುಂಬಿ, ಕಾಗದ ಸರಿಯಾಗಿದ್ದು, ಮನಸ್ಸು ನಿಶ್ಚಿಂತೆಯಾಗಿದ್ದರೇನೇ ಆಟಗಾರ ಆಡೋದು. ಅದನ್ನು ನೋಡಿಕೊಳ್ಳೋನು ಮ್ಯಾನೇಜರ್.”

ಇಂಥವರು ಎಷ್ಟು ಜನ ಬೇಕು ಎನ್ನುವುದಕ್ಕೆ ಜಿಲ್ಲೆಯ ತಾಲ್ಲೂಕುಗಳನ್ನೇ ನೋಡಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಹೊಸ ತಾಲ್ಲೂಕು ಎಂದರೆ ತಾಲ್ಲೂಕು ಮಟ್ಟದ ಇನ್ನೊಂದು ಕ್ರೀಡಾಕೂಟ, ದಸರಾ ಕೂಟದಲ್ಲಿ ಇನ್ನೊಂದು ತಂಡ. ಮೊದಲು ಹೊನ್ನಾಳಿಯ ಹನ್ನೆರಡರಲ್ಲಿ ಜಾಗ ಸಿಗದಿದ್ದ ನ್ಯಾಮತಿ ಕಡೆಯ ಹುಡುಗರಿಗೆ ಈಗ ತಮ್ಮದೇ ಹನ್ನೆರಡು ಜಾಗಗಳಿವೆ. ಆ ಜಾಗಗಳಿಗೆ ತಯಾರು ಮಾಡುವವರ ಹುದ್ದೆ ಮಾತ್ರ ಅದರ ಜೊತೆ ಬರಲಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷಕರಿದ್ದರೆ ಅವರ ಮೇಲೆ ಎಲ್ಲ ಆಟಗಳ ಭಾರ, ಜೊತೆಗೆ ಬಿಸಿಯೂಟದ ಉಸ್ತುವಾರಿ, ಜನಗಣತಿ, ಚುನಾವಣೆ. ಆಟ ಬಿಟ್ಟ ತರುಣರನ್ನು ತಾಲ್ಲೂಕಿಗೆ ಇಬ್ಬರು ಮೂವರಂತೆ, ತರಬೇತಿ ಕೊಟ್ಟು, ತಿಂಗಳ ಗೌರವಧನದ ಮೇಲೆ ಶಾಲಾ ಗುಂಪುಗಳಿಗೆ ಹಂಚಿದರೆ ಖರ್ಚು ದೊಡ್ಡದಾಗದು. ಒಂದು ಕ್ರೀಡಾಂಗಣದ ಗ್ಯಾಲರಿಗೆ ಹಾಕುವ ದುಡ್ಡಿನಲ್ಲಿ ಇಂಥವರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಗ್ಯಾಲರಿ ಕಟ್ಟಿದ ಮೇಲೆ ಕೋಚ್ ಹುಡುಕುವ ರೂಢಿಯನ್ನು ತಿರುವುಮುರುವು ಮಾಡಬೇಕಾಗಿದೆ.

“ಗೌರವಧನ ಬರೋವರೆಗೆ?” ಎಂದು ತರುಣ ಕೇಳಿದ. “ಮೆಕ್ಕೆಜೋಳದ ಎರಡೆಕರೆ ಇದೆ. ಅಪ್ಪ ‘ಇನ್ನೂ ಆ ಹುಡುಗರ ಹಿಂದೆ ತಿರುಗ್ತೀಯಾ’ ಅಂತಾರೆ.”

“ಅಪ್ಪ ಹೇಳೋದರಲ್ಲಿ ತಪ್ಪಿಲ್ಲ. ಬರೀ ಸೇವೆ ಅಂತ ನಿನ್ನನ್ನು ಹುರಿದುಂಬಿಸಿದರೆ ನಾನು ನಿನಗೆ ಮೋಸ ಮಾಡಿದ ಹಾಗೆ. ನಿನ್ನ ಡಿಗ್ರಿ ಆಗಿದೆ, ಬಿ.ಪಿ.ಎಡ್. ಮುಗಿಸು. ಅದು ಅನ್ನದ ದಾರಿ. ಆರು ವಾರದ ಕೋರ್ಸು ಆಟದ ದಾರಿ. ಎರಡೂ ಕೈಲಿದ್ದರೆ ಖಾಸಗಿ ಶಾಲೆಯವರಾದರೂ ಕರೀತಾರೆ. ಪ್ರೊ ಕಬಡ್ಡಿ 2014ರಲ್ಲಿ ಎಂಟು ತಂಡಗಳಿಂದ ಶುರುವಾಯ್ತು, ಈಗ ಹನ್ನೆರಡು. ಒಂದೊಂದು ತಂಡಕ್ಕೂ ಕೋಚು, ಸಹಾಯಕ ಕೋಚು, ಫಿಸಿಯೊ, ಮ್ಯಾನೇಜರು. ಕೆಳಗೆ ಯುವ ಕಬಡ್ಡಿ ಸರಣಿ ಬ್ಯಾರೆ ಇದೆ. ನಾನು ಕೆಲಸಕ್ಕೆ ಸೇರಿದಾಗ ಇಷ್ಟು ಬಾಗಿಲು ಇರಲಿಲ್ಲ.”

“ಹುಡುಗೀರು ಕೇಳ್ತಿದ್ದಾರೆ ಸರ್. ಹೈಸ್ಕೂಲಿನ ಏಳೆಂಟು ಜನ. ‘ನಮಗೂ ಕಲಿಸಿ ಅಣ್ಣಾ’ ಅಂತ. ನಾನೇ ಇನ್ನೂ ಹೂಂ ಅಂದಿಲ್ಲ.”

“ಯಾಕೆ? ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಈ ರಾಜ್ಯದವರೇ. 2011ರಲ್ಲಿ ಒಬ್ಬರಿಗೆ, 2014ರಲ್ಲಿ ಇನ್ನೊಬ್ಬರಿಗೆ ಅರ್ಜುನ ಬಂತು.”

“ಕಲಿಸೋಕೆ ತೊಂದರೆ ಇಲ್ಲ. ಸಂಜೆ ಆರಕ್ಕೆ ಕತ್ತಲಾಗುತ್ತೆ, ಹಳ್ಳಿಗೆ ಕೊನೇ ಬಸ್ಸು ಐದೂ ಮುಕ್ಕಾಲಿಗೆ. ಮನೆಯವರು ಒಪ್ಪಬೇಕು. ಜೊತೆಗೆ ಒಬ್ಬ ಹೆಣ್ಣುಮಗಳು ಇರಲೇಬೇಕು.”

“ಹಾಗಾದರೆ ಬೆಳಿಗ್ಗೆ ಇಟ್ಕೋ. ಶಾಲೆ ಬೆಲ್‌ಗೆ ಒಂದೂವರೆ ಗಂಟೆ ಮೊದಲು, ಶಾಲೆ ಅಂಗಳದಲ್ಲೇ. ಮುಖ್ಯ ಶಿಕ್ಷಕರಿಗೆ ಅರ್ಜಿ ಬರಿ, ಎಸ್‌ಡಿಎಂಸಿಯವರನ್ನು ಒಂದು ಮಾತು ಕೇಳು. ಮ್ಯಾನೇಜರ್ ಆಗಿ ಹೆಣ್ಣುಮಗಳು ಬೇಕು ಅಂದೆಯಲ್ಲ, ಚನ್ನಗಿರಿ ಕಡೆ ನನ್ನ ಹಳೇ ಶಿಷ್ಯೆ ಒಬ್ಬಳಿದ್ದಾಳೆ. ಕೊಕ್ಕೊದಲ್ಲಿ ವಿಭಾಗ ಮಟ್ಟದವರೆಗೆ ಆಡಿದವಳು. ಮದುವೆಯಾಗಿ ನಿಮ್ಮ ಜಗಳೂರಿಗೇ ಬಂದಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಫೋನ್ ನಂಬರ್ ಕೊಡ್ತೀನಿ, ಮಾತಾಡು.”

“ಅವರು ಒಪ್ತಾರಾ ಸರ್?”

“ನಿನ್ನ ಪ್ರಶ್ನೆನೇ ಅವಳೂ ಕೇಳ್ತಾಳೆ. ವಿಭಾಗ ಮಟ್ಟದವಳ ಮಾತು ಯಾರು ಕೇಳ್ತಾರೆ ಅಂತ. ಆಗ ಮುಜುಂದಾರ್ ಲೆಕ್ಕ ನೀನೇ ಹೇಳು.”

ಸೆಮಿಫೈನಲ್‌ಗೆ ತಂಡಗಳು ಇಳಿದವು. ಮೇಷ್ಟ್ರು ಸೀಟಿ ಕೊರಳಿಗೆ ಹಾಕಿಕೊಂಡು ಕೋರ್ಟ್‌ಗೆ ಹೋದರು. ತರುಣ ತನ್ನ ಲೆಫ್ಟ್ ಕಾರ್ನರ್ ಹುಡುಗನನ್ನು ಪಕ್ಕಕ್ಕೆ ಕರೆದು, ಎದುರು ತಂಡದ ಮುಖ್ಯ ರೈಡರ್ ಬಲಗಾಲಿನಿಂದಲೇ ಬೋನಸ್ ತೆಗೆಯುತ್ತಾನೆ, ಅವನ ಸೊಂಟ ನೋಡು, ಮುಖ ನೋಡಬೇಡ ಎಂದು ಹೇಳತೊಡಗಿದ.